ಸಬ್‌ಮರ್ಸಿಬಲ್ ದೊಡ್ಡಪ್ಪನ ವಾಚು

ಹೋದ ತಿಂಗಳು ಒಂದು ಡೈವ್ ವಾಚ್ ತಗೊಂಡೆ. ಒಂಬತ್ತು ತಿಂಗಳ ಇಎಂಐ. 200 ಮೀಟರ್ ನೀರಿಗಿಳಿದರೂ ಏನೂ ಆಗಲ್ಲ ಅಂತ ಡಯಲ್ ಮೇಲೇ ಬರೆದಿದ್ದಾರೆ. ನನಗೆ ಈಜು ಬರಲ್ಲ. ಪಾತ್ರೆ ತೊಳೆಯುವಾಗ ಅದನ್ನ ಬಿಚ್ಚಿ ಫ್ರಿಜ್ ಮೇಲೆ ಇಡ್ತೀನಿ ಅಂತ ನನ್ನ ಹೆಂಡತಿ ಕಂಡವರಿಗೆಲ್ಲ ಹೇಳಿ ನಗ್ತಾಳೆ.

ನಗಲಿ ಬಿಡಿ. ಹಿಮಾಲಯ ಹತ್ತೋ ಶೂ ಹಾಕ್ಕೊಂಡು ಮೆಟ್ರೋ ಎಸ್ಕಲೇಟರ್ ಮೇಲೆ ನಿಲ್ಲೋರು ನಾವೆಲ್ಲ. ಆದರೆ ನಮ್ಮ ಮನೆಯಲ್ಲಿ ನಿಜವಾಗಿಯೂ ಸಮುದ್ರದ ಅಡಿಗೆ ಹೋಗಿ ಬಂದವರು ಒಬ್ಬರಿದ್ದಾರೆ, ನಮ್ಮ ದೊಡ್ಡಪ್ಪ. ವಾಚನ್ನ ಅವರಿಗೆ ತೋರಿಸಲೇಬೇಕು ಅನ್ನಿಸಿ, ಒಂದು ಶುಕ್ರವಾರ ಚಿಕ್ಕಬಳ್ಳಾಪುರದ ಮನೆಯಿಂದ ಬೈಕ್ ಹತ್ತಿ ಶಿಡ್ಲಘಟ್ಟ ತಾಲ್ಲೂಕಿನ ನಮ್ಮ ಹಳ್ಳಿಗೆ ಹೋದೆ.

ಊರಿನಲ್ಲಿ ದೊಡ್ಡಪ್ಪನಿಗೆ ‘ಸಬ್‌ಮರ್ಸಿಬಲ್’ ಅಂತ ಅಡ್ಡಹೆಸರು. 1980ರ ದಶಕದ ಶುರುವಿನಲ್ಲಿ ನೇವಿ ಸೇರಿ, ಮೊದಲ ದೊಡ್ಡ ರಜೆಗೆ ಬಂದಾಗ ‘ಸಬ್‌ಮರೀನ್‌ನಲ್ಲಿ ಕೆಲಸ’ ಅಂದರಂತೆ. ಪೇಪರಿನವರು ಬರೆಯುವ ‘ಜಲಾಂತರ್ಗಾಮಿ’ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬಾವಿಗಳು ಬತ್ತಿ ಬೋರ್‌ವೆಲ್ ಕೊರೆಸೋಕೆ ಶುರುವಾಗಿದ್ದ ಕಾಲ. ಸಬ್‌ಮರ್ಸಿಬಲ್ ಪಂಪ್ ಗೊತ್ತಿತ್ತು. ಸರ್ಕಾರದ ದೊಡ್ಡ ಪಂಪ್ ರಿಪೇರಿ ಮಾಡ್ತಾನೆ ಅಂದುಕೊಂಡು ಇಬ್ಬರು ಸುಟ್ಟುಹೋದ ಮೋಟರ್ ಹೊತ್ತುಕೊಂಡು ಮನೆ ಬಾಗಿಲಿಗೇ ಬಂದಿದ್ದರಂತೆ. ಒಂದನ್ನ ದೊಡ್ಡಪ್ಪ ರಿಪೇರಿ ಮಾಡಿಯೂ ಕೊಟ್ಟರು. ಹೆಸರು ಗಟ್ಟಿಯಾಗಿ ನಿಂತಿತು.

ನಮ್ಮ ಜಿಲ್ಲೆಯಿಂದ ನೇವಿಗೆ ಹೋಗೋದೇ ಒಂದು ತಮಾಷೆ. ನಂದಿಬೆಟ್ಟದ ಸುತ್ತ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಅರ್ಕಾವತಿ ಎಲ್ಲ ಹುಟ್ಟುತ್ತವೆ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಹುಟ್ಟಿದ್ದಷ್ಟೇ; ವರ್ಷಪೂರ್ತಿ ಹರಿಯುವ ನದಿ ಒಂದೂ ಇಲ್ಲ. ಶಿಡ್ಲಘಟ್ಟ, ಚಿಂತಾಮಣಿ ಕಡೆ ಬೋರ್‌ವೆಲ್ ಸಾವಿರ ಅಡಿ ದಾಟೋದು ಮಾಮೂಲು, ಒಂದೂವರೆ ಸಾವಿರವೂ ಉಂಟು. ದೊಡ್ಡಪ್ಪ ಕೆಲಸ ಮಾಡಿದ ಕಿಲೋ ದರ್ಜೆಯ ಸಬ್‌ಮರೀನ್ ಇಳಿಯಬಹುದಾದ ಗರಿಷ್ಠ ಆಳ ಸುಮಾರು 300 ಮೀಟರ್, ಅಂದರೆ ಸಾವಿರ ಅಡಿಗೆ ಸ್ವಲ್ಪ ಕಡಿಮೆ. ಸಬ್‌ಮರೀನ್ ಹೋಗದಷ್ಟು ಆಳದಿಂದ ನೀರೆತ್ತಿ ನಾವು ಟೊಮೆಟೊ, ಹಿಪ್ಪುನೇರಳೆ ಬೆಳೀತಿದ್ದೀವಿ. ಇದನ್ನ ಲೆಕ್ಕ ಹಾಕಿ ಹೇಳಿದ್ದು ದೊಡ್ಡಪ್ಪನೇ. ಹೇಳುವಾಗ ನಗಲಿಲ್ಲ.

ನನ್ನ ವಾಚನ್ನ ಕೈಗೆ ತಗೊಂಡು, ಬೆಜೆಲ್ ಟಿಕ್ ಟಿಕ್ ಅಂತ ತಿರುಗಿಸಿ, ಕಿವಿ ಹತ್ತಿರ ಹಿಡಿದು, ‘ಚೆನ್ನಾಗಿದೆ, ಎಷ್ಟು?’ ಅಂದರು. ಹೇಳಿದೆ. ‘ಒಂದು ಬೆಳೆ ಗೂಡಿನ ದುಡ್ಡು’ ಅಂದು ವಾಪಸ್ ಕೊಟ್ಟರು.

‘ನಿಮ್ಮದು ನೀರಲ್ಲಿ ಎಷ್ಟು ಆಳ ಹೋಗಿದೆ ದೊಡ್ಡಪ್ಪ?’

‘ನೀರು ಮುಟ್ಟೇ ಇಲ್ಲ. ಅಲ್ಲಿ ನೀರು ಮುಟ್ಟಿದ್ದಿದ್ರೆ ನಾನೂ ಇರ್ತಿರ್ಲಿಲ್ಲ, ವಾಚೂ ಇರ್ತಿರ್ಲಿಲ್ಲ ಕಣೋ.’

ಇಷ್ಟು ಸರಳ ವಿಷಯ ನನಗೆ ಹೊಳೆದೇ ಇರಲಿಲ್ಲ. ಸಬ್‌ಮರೀನ್ ಒಳಗಿನ ಗಾಳಿಯ ಒತ್ತಡ ಹೆಚ್ಚುಕಡಿಮೆ ನಮ್ಮ ಮನೆಯೊಳಗಿನಷ್ಟೇ. ಸಮುದ್ರದ ಭಾರವನ್ನೆಲ್ಲ ಹೊರಗಿನ ಉಕ್ಕಿನ ಗೋಡೆ ತಡೆದುಕೊಳ್ಳುತ್ತೆ. ಡೈವ್ ವಾಚ್ ಹುಟ್ಟಿದ್ದು ನೀರಿಗೆ ಮೈಯೊಡ್ಡುವ ಮುಳುಗುಗಾರರಿಗಾಗಿ. 1953ರಲ್ಲಿ ಬ್ಲಾಂಕ್‌ಪೇನ್ ಕಂಪನಿ ಫ್ರಾನ್ಸ್ ನೌಕಾಪಡೆಯ ಮುಳುಗುಗಾರರಿಗೆ ಮಾಡಿಕೊಟ್ಟ ವಾಚಿನ ಹೆಸರು ‘ಫಿಫ್ಟಿ ಫ್ಯಾದಮ್ಸ್’. ಫ್ಯಾದಮ್ ಅಂದರೆ ನಮ್ಮ ಮಾರು, ಎರಡೂ ಕೈ ಚಾಚಿದಷ್ಟು ಉದ್ದ. ಚಿಕ್ಕಬಳ್ಳಾಪುರದ ಹೂವಿನವರು ಸೇವಂತಿಗೆ ಅಳೆದು ಕೊಡುವ ಅಳತೆಯಲ್ಲೇ ಅವರು ಸಮುದ್ರ ಅಳೆದಿದ್ದಾರೆ. ಐವತ್ತು ಮಾರು, 300 ಅಡಿ. ಅದರ ಬೆನ್ನಿಗೇ ಬಂದ ರೋಲೆಕ್ಸ್‌ಗೆ ‘ಸಬ್‌ಮರೀನರ್’ ಅಂತಲೇ ಹೆಸರಿಟ್ಟರು. ಅದೂ ಮುಳುಗುಗಾರರ ವಾಚೇ.

ಹೊರಗಿನ ರಿಂಗ್ ಇದೆಯಲ್ಲ, ಬೆಜೆಲ್, ಅದು ಮುಳುಗುಗಾರನ ಪ್ರಾಣ. ನೀರಿಗೆ ಇಳಿದ ನಿಮಿಷಕ್ಕೆ ಅದರ ಗುರುತನ್ನ ಹೊಂದಿಸಿಕೊಂಡರೆ ಸಿಲಿಂಡರ್‌ನಲ್ಲಿ ಗಾಳಿ ಇನ್ನೆಷ್ಟು ಹೊತ್ತಿಗೆ ಅಂತ ನೋಡಿದ ಕೂಡಲೇ ತಿಳಿಯುತ್ತೆ. ಈಗಿನ ಒಳ್ಳೆ ಡೈವ್ ವಾಚ್‌ಗಳಲ್ಲಿ ಅದು ಒಂದೇ ಕಡೆ ತಿರುಗುತ್ತೆ. ಎಲ್ಲಾದರೂ ತಗುಲಿ ಜರುಗಿದರೂ ಕಳೆದ ಹೊತ್ತು ಹೆಚ್ಚಾಗಿ ಕಾಣಬೇಕೇ ಹೊರತು ಕಡಿಮೆ ಕಾಣಬಾರದು. ತಪ್ಪಾದರೂ ಬದುಕುವ ಕಡೆಗೇ ತಪ್ಪಾಗಲಿ ಅನ್ನೋ ಲೆಕ್ಕ. ನಾನು ಬರೆಯುವ ಕೋಡ್‌ನಲ್ಲಿ ಇಷ್ಟು ಯೋಚನೆ ಇದ್ದಿದ್ದರೆ ರಾತ್ರಿ ಮೂರು ಗಂಟೆಗೆ ನನಗೆ ಫೋನ್ ಬರ್ತಿರಲಿಲ್ಲ.

ದೊಡ್ಡಪ್ಪನ ಕೈಯಲ್ಲಿರೋದು ರಷ್ಯಾದ ವೋಸ್ತೋಕ್ ಕಂಪನಿಯ ‘ಆಂಫಿಬಿಯಾ’. ಕಿಲೋ ದರ್ಜೆಯ ಸಬ್‌ಮರೀನ್‌ಗಳು ನಮ್ಮ ನೇವಿಗೆ ಬರೋಕೆ ಶುರುವಾಗಿದ್ದು 1986ರಲ್ಲಿ. ಅದರ ಸಿಬ್ಬಂದಿಗೆ ತರಬೇತಿ ಸೋವಿಯತ್ ದೇಶದಲ್ಲಿ. ಆಗ ಹೋದವರಲ್ಲಿ ಒಬ್ಬರು ನಮ್ಮ ದೊಡ್ಡಪ್ಪ. ಬರುವಾಗ ಈ ವಾಚು ಕೊಂಡುತಂದರು. ಎಷ್ಟು ರೂಬಲ್ ಅಂತ ಮರೆತಿದ್ದಾರೆ, ಅಂಗಡಿಯವಳ ತುಪ್ಪಳದ ಟೋಪಿ ಮಾತ್ರ ನೆನಪಿದೆಯಂತೆ. ಅಲ್ಲಿಯವರೆಗೆ ಕಟ್ಟಿಕೊಂಡಿದ್ದು ಎಚ್‌ಎಂಟಿ ಜನತಾ. ಕೆಲಸಕ್ಕೆ ಸೇರಿದಾಗ ನಮ್ಮ ತಾತ ಗೂಡು ಮಾರಿದ ದುಡ್ಡಲ್ಲಿ ಕೊಡಿಸಿದ್ದು. 1961ರಿಂದ ಬೆಂಗಳೂರಿನಲ್ಲಿ, ಜಪಾನಿನ ಸಿಟಿಜನ್ ಜೊತೆಗೂಡಿ, ಎಚ್‌ಎಂಟಿ ವಾಚು ಮಾಡುತ್ತಿತ್ತಲ್ಲ. ನಮ್ಮ ಕಡೆ ಮದುವೆಗೆ, ನೌಕರಿಗೆ ಎಲ್ಲಕ್ಕೂ ಅದೇ. ರಷ್ಯಾದ್ದು ಬಂದ ಮೇಲೆ ದೊಡ್ಡಪ್ಪ ಜನತಾನ ತಮ್ಮನಿಗೆ, ಅಂದರೆ ನಮ್ಮಪ್ಪನಿಗೆ ಕೊಟ್ಟರು. ಆ ವಾಚಿನ ವಿಷಯಕ್ಕೆ ಆಮೇಲೆ ಬರ್ತೀನಿ.

ಆಂಫಿಬಿಯಾ ಬಗ್ಗೆ ಎರಡು ಮಾತು ಹೇಳಲೇಬೇಕು, ಎಂಜಿನಿಯರ್ ಆಗಿ ನನಗೆ ತಡೆಯಕ್ಕಾಗಲ್ಲ. ಇದನ್ನ 1967ರಲ್ಲಿ ಹೊರತಂದ ಕಾರ್ಖಾನೆ ಇರೋದು ಚಿಸ್ತೊಪೊಲ್ ಅನ್ನೋ ಊರಿನಲ್ಲಿ. ಸಮುದ್ರ ಅಲ್ಲಿಂದಲೂ ನಮ್ಮಷ್ಟೇ ದೂರ, ಬಹುಶಃ ಇನ್ನೂ ದೂರ. ಬೇರೆ ಕಂಪನಿಗಳು ನೀರು ಒಳಗೆ ಬರದ ಹಾಗೆ ಎಲ್ಲವನ್ನೂ ಕೂದಲೆಳೆ ಅಳತೆಯಲ್ಲಿ ಕೊರೆದು ಬಿಗಿದರೆ, ಇವರು ನೀರಿನ ಕೈಯಲ್ಲೇ ಬಾಗಿಲು ಹಾಕಿಸಿದರು. ಗಾಜಿನ ಜಾಗದಲ್ಲಿ ದಪ್ಪನೆಯ ಅಕ್ರಿಲಿಕ್. ಆಳಕ್ಕೆ ಹೋದಷ್ಟೂ ನೀರಿನ ಒತ್ತಡಕ್ಕೆ ಅದು ಇನ್ನೂ ಬಿಗಿಯಾಗಿ ಕೂರುತ್ತೆ. ಹಾಕಿನ್ಸ್ ಕುಕ್ಕರ್ ಮುಚ್ಚಳ ಒಳಗಿನ ಆವಿಗೆ ತಾನೇ ಬಿಗಿಯಾಗುತ್ತಲ್ಲ, ಅದೇ ಉಪಾಯ, ಇಲ್ಲಿ ಹೊರಗಿನಿಂದ. ಇನ್ನೊಂದು: ಇದರ ಕೀ ತಿರುಪು ಬಿಚ್ಚಿದರೆ ಕಿತ್ತುಬರುವ ಹಲ್ಲಿನ ಹಾಗೆ ಲೊಡಲೊಡ ಅಲ್ಲಾಡುತ್ತೆ. ಬೇಕೆಂದೇ ಹಾಗೆ ಮಾಡಿರೋದು, ಹೊರಗೆ ಪೆಟ್ಟು ಬಿದ್ದರೆ ಒಳಗಿನ ಕಡ್ಡಿಗೆ ತಾಗದಿರಲಿ ಅಂತ. ಚಿಂತಾಮಣಿಯಲ್ಲಿ ವಾಚ್ ರಿಪೇರಿಯವರೊಬ್ಬರು ಇದನ್ನ ನೋಡಿ ‘ಹೋಯ್ತು ಸಾರ್ ಇದು’ ಅಂದಿದ್ದರಂತೆ. ದೊಡ್ಡಪ್ಪ ಆಗ ಅಲ್ಲೇ ಒಂದು ಬ್ಯಾಂಕಿನಲ್ಲಿ ಸೆಕ್ಯುರಿಟಿ ಗಾರ್ಡ್. ದಿನಾ ಮಧ್ಯಾಹ್ನ ಊಟದ ಹೊತ್ತಿಗೆ ಹೋಗಿ ಅವರ ಪಕ್ಕ ಕೂತು, ತಾವೇ ಕಲಿತು, ಅವರಿಗೂ ಕಲಿಸಿದರು.

ಇಷ್ಟಾದರೂ ನನ್ನ ಪ್ರಶ್ನೆ ಹಾಗೇ ಇತ್ತು. ನೀರೇ ಮುಟ್ಟದ ಮೇಲೆ ಈ ವಾಚಿನ ಮೇಲೆ ಇಷ್ಟು ಪ್ರೀತಿ ಯಾಕೆ? ದೊಡ್ಡಪ್ಪ ಒಬ್ಬರೇ ಹೀಗಲ್ಲ. ಗೌರಿಬಿದನೂರಿನಲ್ಲಿ ಅವರ ಜೊತೆಗಾರರೊಬ್ಬರಿದ್ದಾರೆ, ಅವರದ್ದು ಸೀಕೋ. ಪ್ರತಿ ಡಿಸೆಂಬರ್ 8ಕ್ಕೆ ಇಬ್ಬರೂ ಸೇರುತ್ತಾರೆ. 1967ರಲ್ಲಿ ಆ ದಿನ ನಮ್ಮ ಮೊದಲ ಸಬ್‌ಮರೀನ್ ಐಎನ್‌ಎಸ್ ಕಲ್ವರಿ ಸೇವೆಗೆ ಸೇರಿದ್ದು, ಅದು ಸಬ್‌ಮರೀನ್ ದಿನ. ಸೇರಿದ ಕೂಡಲೇ ಇಬ್ಬರೂ ಮೊದಲು ಮಾಡುವ ಕೆಲಸ ಕೈ ಮುಂದೆ ಚಾಚಿ ವಾಚು ಹೋಲಿಸಿ ನೋಡೋದು. ಆಮೇಲೆ ಬಿಪಿ, ಶುಗರ್ ವಿಚಾರ. ಆಂಫಿಬಿಯಾ ದಿನಕ್ಕೆ ಅರ್ಧ ನಿಮಿಷ ಮುಂದೆ ಓಡುತ್ತೆ. ಸೀಕೋದವರು ಪ್ರತಿ ವರ್ಷ ಅದನ್ನ ಹೊಸದಾಗಿ ಕಂಡುಹಿಡಿದವರ ಹಾಗೆ ಆಡಿಕೊಳ್ತಾರೆ.

‘ಅಲ್ಲಿ ಸೂರ್ಯ ಇರಲ್ಲ’ ಅಂದರು ದೊಡ್ಡಪ್ಪ. ನಾನು ಎರಡು ವರ್ಷದ ಹಿಂದೆ ಅವರ ಜೊತೆ ವಿಶಾಖಪಟ್ಟಣಕ್ಕೆ ಹೋಗಿದ್ದೆ, ಗೌರಿಬಿದನೂರು, ಹಿಂದೂಪುರದ ಮೇಲೆ ಹಾದುಹೋಗುವ ಪ್ರಶಾಂತಿ ಎಕ್ಸ್‌ಪ್ರೆಸ್‌ನಲ್ಲಿ. ಅಲ್ಲಿನ ಬೀಚಿನ ಮರಳ ಮೇಲೆ ಐಎನ್‌ಎಸ್ ಕುರ್ಸುರಾ ಇದೆ. 1969ರಲ್ಲಿ ಸೇವೆಗೆ ಸೇರಿ, 1971ರ ಯುದ್ಧ ನೋಡಿ, 2001ರಲ್ಲಿ ನಿವೃತ್ತಿಯಾಗಿ, 2002ರಿಂದ ಮ್ಯೂಸಿಯಂ ಆಗಿರುವ ಸಬ್‌ಮರೀನ್. ಉದ್ದ 91 ಮೀಟರ್. ಒಳಗೆ ಮಾತ್ರ ಕೆಎಸ್‌ಆರ್‌ಟಿಸಿ ಬಸ್ಸಿನ ನಡುದಾರಿಗಿಂತ ಇಕ್ಕಟ್ಟು, ಎಲ್ಲಿ ನೋಡಿದರೂ ಪೈಪು, ವಾಲ್ವು, ಚಕ್ರ. ಕಂಪಾರ್ಟ್‌ಮೆಂಟಿಂದ ಕಂಪಾರ್ಟ್‌ಮೆಂಟಿಗೆ ದುಂಡನೆಯ ಕಂಡಿಯಲ್ಲಿ ನುಸುಳಬೇಕು. ನಾನು ಎರಡು ಸಲ ಹಣೆ ಬಡಿಸಿಕೊಂಡೆ. ಅರವತ್ತು ದಾಟಿದ ದೊಡ್ಡಪ್ಪ ಬೆಕ್ಕಿನ ಹಾಗೆ ದಾಟಿಹೋದರು. ಅಲ್ಲಿ ಗೈಡ್‌ಗಳು ನೇವಿಯಿಂದ ನಿವೃತ್ತರಾದವರೇ. ಅವರಲ್ಲೊಬ್ಬರು ದೊಡ್ಡಪ್ಪನ ಮುಖ ನೋಡುವ ಮೊದಲು ಕೈ ನೋಡಿದರು, ವಾಚ್ ನೋಡಿದರು, ‘ಯಾವ ಬೋಟು?’ ಅಂತ ತೆಲುಗಿನಲ್ಲಿ ಕೇಳಿದರು. ಸಬ್‌ಮರೀನ್ ಎಷ್ಟೇ ದೊಡ್ಡದಿರಲಿ ಅವರಿಗೆ ಅದು ಬೋಟೇ. ಮನೆಯಲ್ಲಿ ಅರ್ಧ ತೆಲುಗು ಆಡುವ ನಮಗೆ ವೈಜಾಗ್ ಪರಸ್ಥಳ ಅನ್ನಿಸಲೇ ಇಲ್ಲ.

ಒಳಗೆ ಕಿಟಕಿ ಇಲ್ಲ. ನಾಲ್ಕು ಗಂಟೆ ಡ್ಯೂಟಿ, ಎಂಟು ಗಂಟೆ ಬಿಡುವು, ಮತ್ತೆ ನಾಲ್ಕು ಗಂಟೆ. ಆ ಡ್ಯೂಟಿಗೂ ‘ವಾಚ್’ ಅಂತಲೇ ಹೆಸರು. ನಮ್ಮ ಭಾಷೆಯಲ್ಲಿ ಪಾಳಿ. ನಿದ್ದೆಯಿಂದ ಎದ್ದರೆ ಐದು ಗಂಟೆ ಅಂತ ವಾಚು ತೋರಿಸುತ್ತೆ, ಬೆಳಗಿನದ್ದೋ ಸಂಜೆಯದ್ದೋ ಗೊತ್ತಾಗಲ್ಲ. ತಟ್ಟೆಗೆ ಪೂರಿ ಬಂದರೆ ಬೆಳಗ್ಗೆ. ಹೊರಗೆ ರಾತ್ರಿಯಾದರೆ ಕಂಟ್ರೋಲ್ ರೂಮಿನಲ್ಲಿ ಕೆಂಪು ದೀಪ, ಪೆರಿಸ್ಕೋಪಿನಲ್ಲಿ ನೋಡುವವರ ಕಣ್ಣು ಕತ್ತಲೆಗೆ ಒಗ್ಗಿರಲಿ ಅಂತ. ಬ್ಯಾಟರಿ ಚಾರ್ಜ್ ಮಾಡೋಕೆ ಡೀಸೆಲ್ ಎಂಜಿನ್ ಓಡಬೇಕು, ಎಂಜಿನ್‌ಗೆ ಗಾಳಿ ಬೇಕು. ಅದಕ್ಕೆ ಮೇಲ್ಮೈ ಹತ್ತಿರ ಬಂದು ಒಂದು ಕೊಳವೆ ಹೊರಚಾಚುತ್ತಾರೆ. ಅಲೆ ಬಡಿದು ಕೊಳವೆಯ ಬಾಯಿ ಮುಚ್ಚಿಕೊಂಡರೆ ಎಂಜಿನ್ ಒಳಗಿನ ಗಾಳಿಯನ್ನೇ ಹೀರುತ್ತೆ, ಎಲ್ಲರ ಕಿವಿಯೂ ಒಟ್ಟಿಗೆ ‘ಟಪ್’ ಅನ್ನುತ್ತೆ. ಸ್ನಾನಕ್ಕೆ ನೀರಿಲ್ಲ, ಮುಖಕ್ಷೌರ ಇಲ್ಲ. ಎಲ್ಲಿದ್ದೀವಿ ಅಂತ ಮನೆಗೆ ಹೇಳೋ ಹಾಗಿಲ್ಲ, ಆಮೇಲೂ ಹೇಳೋ ಹಾಗಿಲ್ಲ.

ಅವತ್ತು ರಾತ್ರಿ ನಾನು ಅಲ್ಲೇ ಉಳಿದೆ. ಆ ವಾರ ತ್ರೀ ಫೇಸ್ ಕರೆಂಟ್ ರಾತ್ರಿ ಪಾಳಿ. ಎರಡು ಗಂಟೆಗೆ ದೊಡ್ಡಪ್ಪ ಎಬ್ಬಿಸಿದರು. ಮೋಟರ್ ಆನ್ ಮಾಡಿ, ಹಿಪ್ಪುನೇರಳೆ ತೋಟದ ಒಂದು ಭಾಗಕ್ಕೆ ಡ್ರಿಪ್ ವಾಲ್ವ್ ತೆಗೆದು, ವಾಚಿನ ಬೆಜೆಲ್ ತಿರುಗಿಸಿ ಗುರುತನ್ನ ನಿಮಿಷದ ಮುಳ್ಳಿಗೆ ಹೊಂದಿಸಿದರು. ನಲವತ್ತು ನಿಮಿಷಕ್ಕೊಂದು ವಾಲ್ವ್. ಆಂಫಿಬಿಯಾದ ಬೆಜೆಲ್ ಎರಡೂ ಕಡೆ ತಿರುಗುತ್ತೆ, ಇಲ್ಲಿ ಅದರಿಂದ ಯಾರ ಪ್ರಾಣಕ್ಕೂ ತೊಂದರೆಯಿಲ್ಲ. ಸಮುದ್ರದಲ್ಲಿ ಕೆಲಸವಿಲ್ಲದೆ ಕೂತಿದ್ದ ಆ ರಿಂಗು ಶಿಡ್ಲಘಟ್ಟದಲ್ಲಿ ದುಡೀತಿದೆ.

ಮೊದಲ ನಲವತ್ತು ನಿಮಿಷ ಮಳೆ, ಗೂಡಿನ ರೇಟು, ನನ್ನ ಆಫೀಸು. ಎರಡನೇ ವಾಲ್ವ್ ತಿರುಗಿಸಿ ಬಂದು ಕೂತಾಗ ನಾನೇ ಕೇಳಿದೆ. ನಮ್ಮ ಮನೆಯಲ್ಲಿ ಯಾರೂ ಎತ್ತದ ವಿಷಯ. ತಾತ ತೀರಿಕೊಂಡಾಗ ಏನಾಯ್ತು?

ನನಗೆ ಅಪ್ಪನ ಕಡೆಯ ಕಥೆ ಗೊತ್ತಿತ್ತು. 1991. ಒಂದು ಬೆಳಗಿನ ಜಾವ ಹುಳುಮನೆಯಲ್ಲಿ ಸೊಪ್ಪು ಹಾಕುತ್ತಿದ್ದಾಗಲೇ ತಾತ ಕುಸಿದುಬಿದ್ದರು. ವೈಜಾಗ್‌ಗೆ ಟೆಲಿಗ್ರಾಂ ಕೊಟ್ಟರು. ಹೆಣ ಇಟ್ಟುಕೊಂಡು ಒಂದು ದಿನ ಕಾದರು. ಹಿರಿಮಗ ಬರಲಿಲ್ಲ, ಅಪ್ಪನೇ ಕೊಳ್ಳಿ ಇಟ್ಟರು. ಹನ್ನೊಂದನೇ ದಿನದ ಕಾರ್ಯಕ್ಕೂ ಬರಲಿಲ್ಲ. ಇಪ್ಪತ್ತಮೂರನೇ ದಿನ ಬಸ್ಸಿಳಿದು ಬಂದರು, ಮುಖದ ತುಂಬ ಗಡ್ಡ. ಅಪ್ಪ ಸತ್ತರೆ ತಲೆ ಬೋಳಿಸಿಕೊಳ್ಳುವ ಊರಿನಲ್ಲಿ ಹಿರಿಮಗ ಗಡ್ಡ ಬಿಟ್ಟುಕೊಂಡು ಬಂದಿದ್ದಾನೆ! ನಮ್ಮಪ್ಪ ಬಸ್‌ಸ್ಟಾಪಿನಲ್ಲೇ ‘ಎಲ್ಲಿ ಹಾಳಾಗಿ ಹೋಗಿದ್ದೆ?’ ಅಂತ ಕೂಗಿದರಂತೆ. ದೊಡ್ಡಪ್ಪ ‘ಅದು ಹೇಳೋ ಹಾಗಿಲ್ಲ’ ಅಂದರು. ಆ ಒಂದು ಮಾತು ಅಪ್ಪನಿಗೆ ಸೊಕ್ಕಾಗಿ ಕೇಳಿಸಿತು. ಜನತಾ ವಾಚು ಬಿಚ್ಚಿ ಬೀರುವಿಗೆ ಹಾಕಿದರು. ಅಣ್ಣತಮ್ಮ ಮದುವೆ ಮುಂಜಿಗಳಲ್ಲಿ ಮಾತಾಡ್ತಾರೆ, ಜಮೀನಿನ ಲೆಕ್ಕ ನೇರವಾಗಿದೆ. ಅಷ್ಟೇ.

‘ಬಂದರಿಗೆ ಬಂದ ಮೇಲೆ ಟೆಲಿಗ್ರಾಂ ಕೊಟ್ರು’ ಅಂದರು ದೊಡ್ಡಪ್ಪ. ‘ತಾರೀಖು ನೋಡಿದೆ. ಊರಿಗೆ ಬಂದ ಮೇಲೆ ನಿಮ್ಮಜ್ಜಿಯನ್ನ ಎಷ್ಟು ಗಂಟೆಗೆ ಅಂತ ಕೇಳಿದೆ. ನಾಲ್ಕು, ನಾಲ್ಕೂ ಕಾಲು ಅಂದ್ಳು.’

ಸ್ವಲ್ಪ ಹೊತ್ತು ಸುಮ್ಮನಿದ್ದರು. ಡ್ರಿಪ್ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡು ಪುಸ್ ಅಂತ ಶಬ್ದ.

‘ಆ ಸಲ ನನ್ನದು ಬೆಳಗಿನ ನಾಲ್ಕರಿಂದ ಎಂಟರ ವಾಚು. ದಿನಾ ಡ್ಯೂಟಿಗೆ ನಿಂತ ತಕ್ಷಣ ಕೈ ನೋಡ್ಕೊಳ್ತಿದ್ದೆ. ನಾಲ್ಕಕ್ಕೆ ಅಪ್ಪ ಏಳೋದು, ಹುಳಕ್ಕೆ ಸೊಪ್ಪು ಹಾಕೋದು. ಈಗ ಅಪ್ಪ ಎದ್ದಿರ್ತಾನೆ, ಈಗ ಸೊಪ್ಪು ಹರಡ್ತಿರ್ತಾನೆ ಅಂದ್ಕೊಳ್ತಿದ್ದೆ. ಅಲ್ಲಿ ಮನೆ ಅಂತ ಇದ್ದಿದ್ದು ನನಗೆ ಅಷ್ಟೇ, ಆ ನಾಲ್ಕು ಗಂಟೆ. ಅವತ್ತೂ ನೋಡ್ಕೊಂಡಿದ್ದೀನಿ. ಒಂದು ದಿನವೂ ತಪ್ಪಿಸಿಲ್ಲ.’

‘ಅಪ್ಪನಿಗೆ ಹೇಳಿಲ್ವಾ?’

‘ಎಲ್ಲಿದ್ದೆ ಅಂತ ಎಲ್ರೂ ಕೇಳಿದ್ರು. ಅದನ್ನ ಹೇಳಕ್ಕಾಗಲ್ಲ. ಬೇರೆ ಏನೂ ಯಾರೂ ಕೇಳಲಿಲ್ಲ.’

ಬೆಜೆಲ್ ನೋಡಿ ಎದ್ದರು. ಮೂರನೇ ವಾಲ್ವ್‌ಗೆ ಇನ್ನೂ ಎಂಟು ನಿಮಿಷ ಇತ್ತು. ಆದರೂ ಟಾರ್ಚ್ ಹಿಡಿದು ಹೋದರು. ಕತ್ತಲಲ್ಲಿ ನನ್ನ ವಾಚು ಹಸಿರಾಗಿ ಹೊಳೀತಿತ್ತು, ಹೊಸದಲ್ಲವಾ. ಅವರದರ ಹೊಳಪು ಯಾವತ್ತೋ ಹೋಗಿದೆ, ಟಾರ್ಚ್ ಬಿಟ್ಟೇ ನೋಡಬೇಕು.

ಶನಿವಾರ ಮಧ್ಯಾಹ್ನ ಚಿಕ್ಕಬಳ್ಳಾಪುರಕ್ಕೆ ವಾಪಸ್ ಬಂದು ಅಪ್ಪನಿಗೆ ಹೇಳಿದೆ. ಹೇಳಬೇಕೋ ಬೇಡವೋ ಅಂತ ದಾರಿಯುದ್ದಕ್ಕೂ ಯೋಚಿಸಿದ್ದೆ. ದೊಡ್ಡಪ್ಪ ಹೇಳು ಅಂದಿರಲಿಲ್ಲ, ಬೇಡ ಅಂತಲೂ ಅಂದಿರಲಿಲ್ಲ. ಅಪ್ಪ ಪೇಪರ್ ಓದುತ್ತಿದ್ದವರು ಪೇಪರ್ ಇಳಿಸಲಿಲ್ಲ. ಪುಟವನ್ನೂ ತಿರುಗಿಸಲಿಲ್ಲ. ಅಮ್ಮ ಒಳಗಿಂದ ಊಟಕ್ಕೆ ಕರೆದರು, ಹೋಗಿ ಊಟ ಮಾಡಿದೆವು.

ಸಂಜೆ ಬೀರು ತೆಗೆದ ಶಬ್ದ ಕೇಳಿಸಿತು. ಅಪ್ಪ ಮಂಚದ ಮೇಲೆ ಕೂತು ಜನತಾಗೆ ಕೀ ಕೊಡುತ್ತಿದ್ದರು. ಮೂವತ್ತು ವರ್ಷದ ಮೇಲಾಯಿತು, ಎಣ್ಣೆಯೆಲ್ಲ ಒಣಗಿರುತ್ತೆ, ಹಾಗೆ ತಿರುಗಿಸಬೇಡಿ, ಚಿಂತಾಮಣಿಯಲ್ಲಿ ಒಬ್ಬರಿದ್ದಾರೆ ಅವರಿಗೆ ಕೊಡೋಣ ಅಂದೆ. ಅಪ್ಪ ಕಿವಿಗೆ ಹಿಡಿದು ಕೇಳಿದರು. ಸ್ವಲ್ಪ ಅಲ್ಲಾಡಿಸಿ ಮತ್ತೆ ಕೇಳಿದರು. ಓಡ್ತಿತ್ತೋ ಇಲ್ಲವೋ ನನಗೆ ಹೇಳಲಿಲ್ಲ.

‘ಫೋನ್ ಮಾಡಿ ಕೇಳು ನಿಮ್ಮ ದೊಡ್ಡಪ್ಪನ್ನ’ ಅಂದರು. ‘ನಾಳೆ ಕರೆಂಟು ಎಷ್ಟೊತ್ತಿಗಂತೆ?’